ಸೊಪ್ಪಿಗೆ ಹಾಕಿದ್ದು, ನೀರಿಗಲ್ಲ

...ಅಥವಾ ಹಾಗೆಂದದ್ದು ಮಾವನೇ ಅಲ್ಲದಿರಬಹುದು. ಕಥೆ ಚೆನ್ನಾಗಿರಲೆಂದು ನಾನೇ ಆ ಮಾತನ್ನು ಅವರ ಬಾಯಿಗೆ ತುರುಕಿರಬಹುದು. ನನ್ನ ನೆನಪಿಗೆ ಆ ಚಾಳಿಯಿದೆ. ಇವತ್ತು ಶಿಡ್ಲಘಟ್ಟದ ಬಸ್ಸಿನಲ್ಲಿ ಪಕ್ಕದವರ ಕಾಲಡಿಯ ಯೂರಿಯಾ ಮೂಟೆಯ ಘಾಟು ಮೂಗಿಗೆ ಬಡಿದಾಗ ಮಾತ್ರ ಕೇಳಿಸಿದ್ದು ಮಾವನ ದನಿಯೇ: "ನೋಡೋ, ಸೊಪ್ಪು ಎಷ್ಟು ಕರ್ರಗೈತೆ!"

ನಿಮಗೆ ಗೊತ್ತಿರಲಿ, ನಮ್ಮ ಕಡೆ ಬೆಳೆ ಹಸಿರಾಗಿದ್ದರೆ ಸಾಲದು, ಕರ್ರಗಿರಬೇಕು. ಹಸಿರೆಂದರೆ ಮರ್ಯಾದೆ ಕಮ್ಮಿ. ಜಂಗಮಕೋಟೆಯಲ್ಲಿ ಮಾವನ ಹಿಪ್ಪುನೇರಳೆ ತೋಟವನ್ನು ಯಾರಾದರೂ ಹೊಗಳಿದರೆ ಪಕ್ಕದವರು ತಮ್ಮ ತೋಟಕ್ಕೆ ಇನ್ನೊಂದು ಮೂಟೆ ಸುರಿಯುತ್ತಿದ್ದರು. ಅದನ್ನು ಕಂಡು ಮಾವ ಮತ್ತೊಂದು. ಮಣ್ಣನ್ನು ಯಾರೂ ಕೇಳಲಿಲ್ಲ. ಅದು ಎರೆಹುಳುಗಳನ್ನು ಕಳೆದುಕೊಂಡು ಹೆಂಟೆಗಟ್ಟಿ ಸುಮ್ಮನಾಯಿತು. ನೀರು ತುಂಬಿ ಉಬ್ಬಿದ ಸೊಪ್ಪು ತಿಂದ ರೇಷ್ಮೆಹುಳುಗಳು ಸಪ್ಪೆ ರೋಗ ಬಂದು ಗೂಡು ಕಟ್ಟುವ ಮೊದಲೇ ಸತ್ತವು. ಕಣ್ಣು ಬಿದ್ದಿದೆ ಎಂದರು ಮಾವ. ತೋಟದಲ್ಲಿ ದೃಷ್ಟಿಗೊಂಬೆ ನಿಲ್ಲಿಸಿದರು, ಅದೂ ಖಾಲಿ ಯೂರಿಯಾ ಚೀಲಕ್ಕೆ ಹುಲ್ಲು ತುಂಬಿ! ಅಪರಾಧಿಗೇ ಮೀಸೆ ಬರೆದು ಕಾವಲಿಗಿಟ್ಟ ಹಾಗೆ.

ಮಳೆ ಬಂದರೆ ತೋಟದ್ದೆಲ್ಲ ಕೆರೆಗೆ, ಕೋಡಿ ಹರಿದರೆ ಅಲ್ಲಿಂದ ಹೊಳೆಗೆ. ಪಾಚಿ ದಪ್ಪಗೆ ಕಟ್ಟಿ ಮೀನು ತೇಲಿದ ವರ್ಷ ನಾನೆಂದೆ: "ಕೆರೆನೂ ಕರ್ರಗೈತಲ್ಲ ಮಾವಾ."

"ನಿನ್ ನಾಲಗೆಗೂ ಯಾರೋ ಯೂರಿಯಾ ಹಾಕವ್ರೆ ಕಣೋ, ಉದ್ದ ಬೆಳೆದೈತೆ."

ನಾನು ನಕ್ಕೆ. ಅಷ್ಟೇ ನನ್ನ ಹೋರಾಟ.

ಮೊನ್ನೆ ಮೊನ್ನೆ ಮಾವನ ಮಗಳು ಸುಧಾ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಕೂಸಿಗೆ ಡಬ್ಬಿ ಹಾಲು ಕಲಸಬೇಕಿತ್ತು. ಅನುಮಾನ ಬಂದು ತೋಟದ ಬೋರ್‌ವೆಲ್ ನೀರನ್ನು ಅವಳೇ ಪರೀಕ್ಷೆ ಮಾಡಿಸಿದಳು. ಯೂರಿಯಾ ಮಣ್ಣಿಗಿಳಿದು ಆಗುವ ನೈಟ್ರೇಟ್ ಹೆಚ್ಚಿದೆ, ಕೂಸಿಗೆ ಬೇಡವೇ ಬೇಡ ಎಂದರು ಪರೀಕ್ಷೆ ಮಾಡಿದವರು.

"ಚೆನ್ನಾಗಿ ಕುದಿಸ್ತೀನಿ ಬಿಡಮ್ಮ," ಎಂದರು ಅತ್ತೆ.

"ಕುದಿಸಿದ್ರೆ ನೀರು ಇಂಗುತ್ತೆ, ಅದು ಇನ್ನೂ ಜಾಸ್ತಿ ಆಗುತ್ತಂತಮ್ಮ."

ಮಾವನಿಗೆ ರೇಗಿತು. "ನಾನ್ ಹಾಕಿದ್ದು ಸೊಪ್ಪಿಗೆ ಕಣಮ್ಮ, ನೀರಿಗಲ್ಲ!"

ಯೂರಿಯಾ ವಿಳಾಸ ಓದಿಕೊಂಡು ಸೊಪ್ಪಿನ ಮನೆಯಲ್ಲೇ ಇಳಿದುಕೊಳ್ಳುತ್ತದೆಂದು ನಂಬಿ ನಡೆದದ್ದು ನಮ್ಮ ಬೇಸಾಯ.

ಸುಧಾ ಜಗಳ ಮಾಡಲಿಲ್ಲ. ಆ ನೀರಲ್ಲೇ ಹಾಲು ಕಲಸಿ, ಬಾಟಲಿಯನ್ನೂ ಕೂಸನ್ನೂ ಅಪ್ಪನ ಮಡಿಲಿಗಿಟ್ಟಳು. "ಹಂಗಾದ್ರೆ ನೀನೇ ಕುಡಿಸಪ್ಪ."

ಕೂಸು ಬಾಯಿ ತೆರೆದು ಅತ್ತಿತು. ಮಾವ ಬಾಟಲಿ ಹಿಡಿದರು, ನಮ್ಮೆಲ್ಲರ ಮುಖ ನೋಡಿದರು. ಕುಡಿಸಲಿಲ್ಲ. ಎದ್ದು ಹೋಗಿ ಹಾಲನ್ನು ಬಚ್ಚಲಿಗೆ ಚೆಲ್ಲಿದರು. ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇದು ಮಾತ್ರ ನಾನು ಕಟ್ಟಿದ್ದಲ್ಲ.

ನಿನ್ನೆ ಸುಧಾಳನ್ನು ಗೌರಿಬಿದನೂರಿನ ಗಂಡನ ಮನೆಗೆ ಬಿಟ್ಟು, ಈಗ ವಾಪಸಾಗುತ್ತಿದ್ದೇನೆ. ಅಲ್ಲೂ ಬೋರ್‌ವೆಲ್, ಸುತ್ತ ಯೂರಿಯಾ ಉಂಡು ಬೆಳೆದ ಮುಸುಕಿನ ಜೋಳ. ನೀರನ್ನು ಪರೀಕ್ಷೆಗೆ ಕೊಟ್ಟಿದ್ದೇವೆ. ಫಲಿತಾಂಶ ಬರುವವರೆಗೆ ಕೂಸಿಗೆ ಕ್ಯಾನಿನ ನೀರು. ಆ ಕ್ಯಾನನ್ನು ಯಾವ ಹೊಲದ ಬೋರ್‌ವೆಲ್‌ನಿಂದ ತುಂಬಿಸುತ್ತಾರೋ, ಅದರಲ್ಲಿ ಏನನ್ನು ಸೋಸುತ್ತಾರೋ, ನನಗೆ ಗೊತ್ತಿಲ್ಲ.