ಹಳದಿ ಟಿಪ್ಪಣಿ

ಆಕೆಯನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಚಿತ್ರದುರ್ಗದ ಹೊರಗೆ ರಕ್ಷಣಾ ಇಲಾಖೆಯ ಒಂದು ಕಚೇರಿ, ಅಲ್ಲಿನ ಖರೀದಿ ವಿಭಾಗಕ್ಕೆ ನಾನು ಮುಖ್ಯಸ್ಥ. ಆಕೆಗಿಂತ ಮುಂಚೆ ಆರು ಜನಕ್ಕೆ ಕೆಲಸ ಕಲಿಸಿದ್ದೆ. ಟೆಂಡರ್ ಹೇಗೆ ಕರೆಯಬೇಕು, ಬಂದ ಮಾಲನ್ನು ಹೇಗೆ ನೋಡಿ ಇಳಿಸಿಕೊಳ್ಳಬೇಕು, ಆಡಿಟಿನವರು ಎಲ್ಲಿ ಕೊಕ್ಕೆ ಹಾಕುತ್ತಾರೆ, ಎಲ್ಲವನ್ನೂ ಕೈಹಿಡಿದು ತಿದ್ದಿದ್ದೆ. ಕೈ ಕುದುರಿತು ಅನ್ನುವಾಗಲೇ ಒಬ್ಬೊಬ್ಬರೂ ವರ್ಗ ಮಾಡಿಸಿಕೊಂಡು ದೊಡ್ಡ ಊರು ಸೇರಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಒಬ್ಬನೂ ಯುಗಾದಿಗೊಂದು ಫೋನ್ ಮಾಡಿದ್ದಿಲ್ಲ. ಖಾಲಿ ಕುರ್ಚಿಗಳ ಕೆಲಸವನ್ನೆಲ್ಲ ಮೈಮೇಲೆ ಹೇರಿಕೊಂಡು ನಾನು ಹೊಳಲ್ಕೆರೆಯಿಂದ ದಿನವೂ ಬಸ್ಸಿನಲ್ಲಿ ನಿಂತು ಬರುತ್ತಿದ್ದೆ. ಮೈಯೆಲ್ಲ ಉರಿಯುತ್ತಿದ್ದ ಆ ಕಾಲದಲ್ಲಿ ಏಳನೆಯವಳಾಗಿ ಈಕೆ ಬಂದಳು.

ಹರಿಯಬ್ಬೆ ಕಡೆಯ ಹುಡುಗಿ, ಕುರಿ ಸಾಕುವ ಮನೆಯವಳು. ಆ ಮನೆಗೆ ಅದು ಮೊದಲ ಸರ್ಕಾರಿ ನೌಕರಿ. ಆರು ವಾರದ ತರಬೇತಿ ಮುಗಿಸಿದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದು ನನ್ನ ಮುಂದೆ ಹಿಡಿದಳು. ಎರಡು ವರ್ಷ ಪ್ರೊಬೇಷನ್. ಅದು ಮುಗಿದಾಗ ನಾನು ಬರೆಯುವ ವರದಿ ಚೆನ್ನಾಗಿದ್ದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ. ಇದೆಲ್ಲ ಗೊತ್ತಿದ್ದೂ ಈಕೆಗೆ ಏನನ್ನೂ ಕಲಿಸಬಾರದೆಂದು ನಾನು ನಿರ್ಧರಿಸಿದೆ. ಕಲಿತರೆ ತಾನೇ ಹೋಗುವುದು? ಹಳೆಯ ಫೈಲೊಂದನ್ನು ಮುಂದಕ್ಕೆ ತಳ್ಳಿ, “ಇದ್ರಾಗೆ ಹೆಂಗೈತೋ ಹಂಗೇ ಬರಿಯಮ್ಮ” ಅನ್ನುತ್ತಿದ್ದೆ. ಪಾಪ, ಬರೆಯುತ್ತಿದ್ದಳು. ಒಂದೂವರೆ ವರ್ಷ ಹಾಗೆಯೇ ಸಾಗಿತು.

ಆಮೇಲೆ ಗುಡಾರದ ಫೈಲು ಬಂತು. ಬಯಲಿನಲ್ಲಿ ಕಾವಲು ಕಾಯುವವರಿಗೆ ಗುಡಾರ ಕೊಳ್ಳಬೇಕಿತ್ತು. ನಾನು ಕೊಟ್ಟ ಹಳೆಯ ಫೈಲು ಯಾವುದೋ ಮೆತ್ತನೆ ನೆಲದ ಊರಿನ ಕಚೇರಿಯದು. ಅದರ ಸ್ಪೆಸಿಫಿಕೇಷನ್ನಿನಲ್ಲಿದ್ದ ಗೂಟಗಳು ತೆಳು, ಗೇಣುದ್ದ. ಅದನ್ನೇ ಇಳಿಸು ಎಂದೆ. ಮಧ್ಯಾಹ್ನ ಊಟವಾದ ಮೇಲೆ ಆಕೆ ಮೇಜಿನ ಹತ್ತಿರ ಬಂದು ನಿಂತಳು.

“ಸರ್, ಈ ಗೂಟ ನಮ್ಮ ನೆಲಕ್ಕೆ ನಿಲ್ಲಲ್ಲ. ಮೇಲೆ ನಾಕು ಬೆರಳು ಮಣ್ಣು, ಕೆಳಗೆಲ್ಲ ಕಲ್ಲಿನಂಥ ಗರಸು ಐತೆ. ಹೊಡದ್ರೆ ಬಗ್ಗುತ್ತೆ. ನಮ್ಮಪ್ಪ ಹಟ್ಟಿ ಹಾಕ್ವಾಗ ಮೊದ್ಲು ಹಾರೆ ಹಾಕಿ ತೂತು ಮಾಡಿ ಆಮೇಲೆ ಮೊಳದುದ್ದದ ಗೂಟ ಇಳಿಸ್ತಾನೆ. ಆಷಾಢದ ಗಾಳಿ ಅಂದ್ರೆ ಸುಮ್ನೆ ಅಲ್ಲ ಸರ್.”

“ಇದು ಕುರಿ ಹಟ್ಟಿ ಅಲ್ಲಮ್ಮ” ಎಂದೆ. “ರಕ್ಷಣಾ ಇಲಾಖೆ.”

ವಿಭಾಗದವರೆಲ್ಲ ನಕ್ಕರು. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಆಕೆ ಹೇಳಿದ್ದು ಸರಿ ಎಂಬುದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ನಮ್ಮ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಅಂದಕ್ಕಲ್ಲ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಆದರೆ ಹತ್ತು ಜನರ ಎದುರಿಗೆ ಪ್ರೊಬೇಷನ್ನಿನ ಹುಡುಗಿ ನನಗೆ ಪಾಠ ಹೇಳುವುದೆಂದರೆ?

ಆಕೆ ಅಷ್ಟಕ್ಕೇ ಬಿಡಲಿಲ್ಲ. ಹೇಳಿದ್ದನ್ನೆಲ್ಲ ಟಿಪ್ಪಣಿಯಾಗಿ ಟೈಪು ಮಾಡಿದಳು. ನಮ್ಮಲ್ಲೀಗ ಫೈಲೆಲ್ಲ ಕಂಪ್ಯೂಟರಿನಲ್ಲಿ. ಬರೆದ ಟಿಪ್ಪಣಿ ಮೊದಲು ಹಳದಿ ಬಣ್ಣದಲ್ಲಿರುತ್ತದೆ, ಅದು ಕರಡು. ಕಾಯಂ ಮಾಡಿದರೆ ಹಸಿರಾಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಅಳಿಸಲಾಗದು. ಹಳದಿಯಿದ್ದಾಗ ಅಳಿಸಿದರೆ ಫೈಲಿನಲ್ಲಿ ಅದರ ಗುರುತೂ ಉಳಿಯುವುದಿಲ್ಲ. ನಾನು ಆಕೆಯ ಹಿಂದೆ ನಿಂತು, “ಅಳ್ಸಮ್ಮ. ವರದಿ ಬರಿಯೋನು ನಾನು, ನೆನಪಿರ್ಲಿ” ಎಂದೆ. ಆಕೆ ಅಳಿಸಿದಳು. ಹಳೆಯ ಸ್ಪೆಸಿಫಿಕೇಷನ್ನನ್ನು ತನ್ನ ಹೆಸರಿನಲ್ಲಿ ಹಸಿರು ಮಾಡಿದಳು. ಅದರ ಕೆಳಗೆ ನಾನು ‘ಒಪ್ಪಿದೆ’ ಎಂದು ಬರೆದೆ.

ಗುಡಾರ ಬಂದವು. ಆಷಾಢವೂ ಬಂತು. ಒಂದು ಬೆಳಿಗ್ಗೆ ಬೀಸಿದ ಗಾಳಿಗೆ ನಾಲ್ಕು ಗುಡಾರ ಬುಡಸಮೇತ ಎದ್ದುಹೋದವು. ಹೊಸದುರ್ಗದ ಕಾವಲುಗಾರನೊಬ್ಬನ ಮೇಲೆ ಕಬ್ಬಿಣದ ಕಂಬ ಬಿದ್ದು ಭುಜದ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋಗಿ ನೋಡಿದೆ. “ಮೂಲಂಗಿ ಕಿತ್ತಂಗೆ ಕಿತ್ಕಂಡು ಬಂದ್ವು ಸರ್” ಎಂದ. “ಅರ್ಧ ಗೂಟ ನೆಲಕ್ಕೆ ಇಳ್ದೇ ಇರ್ಲಿಲ್ಲ.” ನಾನು ಬ್ರೆಡ್ಡು, ಮೂಸಂಬಿ ಇಟ್ಟು ಬಂದೆ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬರುವುದೆಂದಾಯಿತು. ಆಕೆಯ ಪ್ರೊಬೇಷನ್ ಮುಗಿಯಲು ಮೂರೇ ವಾರವಿತ್ತು. ಸ್ಪೆಸಿಫಿಕೇಷನ್ ಬರೆದವಳು ಆಕೆ, ಹೆಸರು ಆಕೆಯದು. ವಿಚಾರಣೆಯ ಹಿಂದಿನ ಸಂಜೆ ಆಕೆ ಬಸ್ ನಿಲ್ದಾಣದ ತನಕ ನನ್ನ ಜೊತೆ ನಡೆದುಕೊಂಡು ಬಂದಳು.

“ಸರ್, ನನ್ನ ಕೆಲ್ಸ ಹೋಗುತ್ತೆ. ನಾನು ಮೊದ್ಲೇ ಬರ್ದಿದ್ದೆ, ನೀವು ಅಳ್ಸು ಅಂದ್ರಿ. ಅಳ್ಸು ಅಂದಿದ್ದು ಹೇಳೋದು ಬ್ಯಾಡ. ಬರ್ದಿದ್ಲು ಅಂತ ಒಂದ್ ಮಾತು ಹೇಳ್ರಿ ಸಾಕು.”

“ಹೇಳ್ತೀನಿ ಹೋಗಮ್ಮ” ಎಂದೆ. ಆಗ ನಿಜವಾಗಿಯೂ ಹೇಳುವ ಮನಸ್ಸಿತ್ತು. ಬಸ್ಸಿನಲ್ಲಿ ಚಿಕ್ಕಜಾಜೂರಿನ ಪ್ರಯಾಣಿಕನೊಬ್ಬ ಸೀಟು ಬಿಟ್ಟುಕೊಟ್ಟ. ಕುಳಿತು ಯೋಚಿಸಿದೆ. ಬರೆದಿದ್ದಳು ಎಂದರೆ, ಆ ಟಿಪ್ಪಣಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ. ಹೊಳಲ್ಕೆರೆಯಲ್ಲಿ ಇಳಿಯುವಷ್ಟರಲ್ಲಿ ಆಕೆಯ ಮೇಲೆ ಮತ್ತೆ ಸಿಟ್ಟು ಬಂದಿತ್ತು. ತನ್ನ ಮಾತು ಸರಿಯಾಗಿದ್ದುದರಿಂದಲೇ ನನ್ನನ್ನು ಅಡಕತ್ತರಿಯಲ್ಲಿ ಸಿಕ್ಕಿಸಿದಳಲ್ಲ ಎಂಬ ಸಿಟ್ಟು.

ಮರುದಿನ ಆಕೆ ಎದುರಿಗೇ ಕುಳಿತಿದ್ದಳು. “ಗೂಟದ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದ್ದರೇ?” ಎಂದು ಅಧಿಕಾರಿ ಕೇಳಿದ.

“ಫೈಲಿನಲ್ಲಿ ಅಂಥದ್ದೇನೂ ಇಲ್ಲ ಸರ್” ಎಂದೆ.

ಅಕ್ಷರಶಃ ನಿಜ. ಮೂವತ್ತು ವರ್ಷ ಖರೀದಿ ವಿಭಾಗದಲ್ಲಿ ನಾನು ಕಲಿತ ವಿದ್ಯೆಯೆಂದರೆ ಅದೇ, ಸುಳ್ಳು ಹೇಳದೆ ಒಬ್ಬರನ್ನು ಮುಳುಗಿಸುವುದು. ಆಕೆ ನನ್ನ ಮುಖ ನೋಡಿದಳು. ಅಧಿಕಾರಿ ಆಕೆಯತ್ತ ತಿರುಗಿ, “ನೀವೇನಾದರೂ ಹೇಳುವುದಿದೆಯೇ?” ಎಂದ. ವರದಿ ಬರೆಯುವವನು ನಾನೇ ಎಂಬುದು ಆಕೆಗೆ ಮರೆತಿರಲಿಲ್ಲ. “ಇಲ್ಲ ಸರ್” ಎಂದಳು.

ಹದಿನೈದು ದಿನಕ್ಕೆ ಆದೇಶ ಬಂತು. ನನ್ನ ವಿರುದ್ಧ ಒಂದು ಸಾಲೂ ಇರಲಿಲ್ಲ. ಆಕೆಯ ಪ್ರೊಬೇಷನ್ನನ್ನು ಒಂದು ವರ್ಷ ಮುಂದೂಡಿದ್ದರು. ಸಿಬ್ಬಂದಿಗೆ ತರಬೇತಿ ಸಾಲದೆಂದೂ, ಇಲಾಖೆಗೆ ನುರಿತ ಕೈಗಳು ಬೇಕೆಂದೂ ಬರೆದು, ಆಕೆಯನ್ನು ಆ ವರ್ಷವಿಡೀ ವಿಭಾಗದ ಅನುಭವಿ ಮುಖ್ಯಸ್ಥರು ಖುದ್ದಾಗಿ ತಯಾರು ಮಾಡಬೇಕು ಎಂದಿದ್ದರು.

ಸೋಮವಾರ ಆಕೆ ಕುರ್ಚಿ ಎಳೆದುಕೊಂಡು ನನ್ನ ಎದುರು ಕುಳಿತು, ಹೊಸ ನೋಟ್‌ಬುಕ್ ತೆರೆದಳು. “ಏನು ಬರ್ಕಬೇಕು ಹೇಳ್ರಿ ಸರ್” ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಒಮ್ಮೆ ಬೇಕೆಂದೇ ತಪ್ಪು ನಿಯಮ ಹೇಳಿದೆ, ತಿದ್ದಲಿ, ಬೈಯಲಿ, ಏನಾದರೂ ಅನ್ನಲಿ ಎಂದು. ಅದನ್ನೂ ಅಂದವಾದ ಅಕ್ಷರದಲ್ಲಿ ಬರೆದುಕೊಂಡು ಮುಂದಿನದಕ್ಕೆ ಪೆನ್ನು ಹಿಡಿದು ಕಾದಳು.

ವರ್ಷ ಕಳೆದ ಮೇಲೆ ಆಕೆಯ ವರದಿಯಲ್ಲಿ ‘ಸಂಪೂರ್ಣ ತರಬೇತಿ ಹೊಂದಿದ್ದಾರೆ, ಕಾಯಂ ಮಾಡಬಹುದು’ ಎಂದು ಬರೆದು ಸಹಿ ಹಾಕಿದೆ.