ಎಡಗೈಗೆ ಗಾಲ್ಫ್ ಪಾಠ

ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಯಜಮಾನರಿಗೆ ಮಾತು ಬಂತು, ನಡಿಗೆ ಬಂತು. ಅಷ್ಟಾದರೂ ಕೊಟ್ಟನಲ್ಲ ಶಿವ ಎಂದುಕೊಂಡೆ. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿತು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಬಲಗೈಯಲ್ಲಿ ಪೂಜೆ ಮಾಡುವುದು. ದಿನವೂ ನಾನೇ ಅವರ ಬೆರಳು ಬಿಡಿಸಿ, ಲಿಂಗ ಜಾರದಂತೆ ಕೆಳಗೆ ನನ್ನ ಅಂಗೈ ಕೊಡುತ್ತಿದ್ದೆ. ಪೂಜೆ ಮುಗಿದರೂ ಅವರ ಮುಖ ಗೆಲುವಾಗುತ್ತಿರಲಿಲ್ಲ. "ನನ್ ಪೂಜೆ ನೀ ಮಾಡ್ದಂಗಾಯ್ತಲ್ಲ" ಎನ್ನುತ್ತಿದ್ದರು.

ಬದನಗುಪ್ಪೆಗೆ ಹೋಗುವ ದಾರಿಯಲ್ಲಿ ಯಾರು ಬೇಕಾದರೂ ಆಡಬಹುದಾದ ಸಣ್ಣ ಗಾಲ್ಫ್ ಮೈದಾನವಿದೆ. ಇಬ್ಬರು ಮಸಾಲೆ ದೋಸೆ ತಿನ್ನುವ ದುಡ್ಡಿಗೆ ಒಂದು ಬೆಳಗು ಆಡಬಹುದು. ಕೋಲು, ಚೆಂಡು ಅವರೇ ಕೊಡುತ್ತಾರೆ. ಫಿಸಿಯೋಥೆರಪಿ ಮಾಡುವ ಹುಡುಗಿ, "ಹಿಡಿಯೋದು, ಬಿಡೋದು ಎರಡೂ ಅಭ್ಯಾಸ ಆಗುತ್ತೆ, ಹೋಗಿ ಆಂಟಿ" ಎಂದಳು. ಅದು ಟೀವಿಯಲ್ಲಿ ದೊಡ್ಡ ಜನ ಆಡುವ ಆಟ ಎಂದುಕೊಂಡಿದ್ದ ನಾನು, ಇವರಿಗೆ ಪಂಚೆ ಬಿಡಿಸಿ ಪ್ಯಾಂಟು ತೊಡಿಸಿ ಕರೆದೊಯ್ದೆ.

ಕಲಿಸುವವರು ಹರದನಹಳ್ಳಿಯ ಮಾಜಿ ಸೈನಿಕರು. ಈ ಆಟದಲ್ಲಿ ಕೋಲು ನಡೆಸುವುದೇ ಎಡಗೈ ಎಂದು ಹೇಳಿಕೊಟ್ಟರು. ಇವರು ಮೊದಲ ಏಟಿಗೇ ಒಂದು ಹಿಡಿ ಮಣ್ಣು ಕಿತ್ತರು.

"ಯಜಮಾನ್ರೇ, ಅರಿಸ್ನ ಅಗಿತಿದ್ದೀರಾ? ಚೆಂಡು ಮೇಲದೆ ಕಣಿ!"

"ಅದ್ನೇ ಅಗ್ದು ಅಗ್ದು ಸವ್ದಿರೋ ಕೈ ಕಣಪ್ಪಾ. ಅದ್ಕೇನ್ ಗೊತ್ತು, ಇದ್ ಆಟ ಅಂತ?" ಎಂದು ಇವರು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕಿದ್ದು ಅಂದೇ.

ಕೋಲು ಜಾರೀತೆಂದು ನಾನು ಓಡಿಹೋಗಿ ಇವರ ಎಡಗೈ ಒತ್ತಿ ಹಿಡಿದೆ. ಸೈನಿಕರು ಗದರಿದರು: "ಅಮ್ಮಾ, ನೀವ್ ಓಗಿ ಆ ಮರದಡಿ ಕೂತ್ಕಳಿ. ನೀವ್ ಇಡ್ಕಂಡ್ರೆ ಆ ಕೈ ಯಾಕ್ ಕೆಲ್ಸ ಮಾಡ್ತದೆ?"

ಇಷ್ಟು ದಿನ ಸೇವೆ ಮಾಡಿದವಳಿಗೆ ಈ ಮಾತೇ ಎಂದು ಬೇಸರವಾಯಿತು. ಹೊಂಗೆ ಮರದಡಿ ಕೂತು ಪಂಚಾಕ್ಷರಿ ಜಪಿಸಿದೆ. ಕೋಲು ಬಿತ್ತು. ಇವರೇ ಬಗ್ಗಿ ಎತ್ತಿಕೊಂಡರು. ಮತ್ತೆ ಬಿತ್ತು. ನಾನು ಏಳಲಿಲ್ಲ. ಒಂದೊಂದು ಹೊಡೆತದ ನಂತರವೂ ಬೆರಳುಗಳನ್ನು ತಾವೇ ಬಿಡಿಸಬೇಕು, ಅದೇ ಪಾಠ. ವಾರಕ್ಕೆ ಎರಡು ದಿನ ಹೀಗೇ ನಡೆಯಿತು. ಇವರ ಚೆಂಡು ಗುಳಿಯೊಳಗೆ ಬಿದ್ದದ್ದನ್ನು ನಾನಂತೂ ನೋಡಿಲ್ಲ.

ಮೊನ್ನೆ ಸೋಮವಾರ ಪೂಜೆಗೆ ಕೂತಾಗ ಎಂದಿನಂತೆ ಕೆಳಗೆ ಅಂಗೈ ಕೊಟ್ಟೆ.

"ತಗಿ ಕಣೆ" ಎಂದರು.

ಲಿಂಗ ಕೆಳಗೆ ಬಿದ್ದರೆ? ಆದರೂ ತೆಗೆದೆ. ಅಂಗೈ ನಡುಗುತ್ತಿತ್ತು, ಕಿರುಬೆರಳು ಇನ್ನೂ ಮಡಚಿಕೊಂಡೇ ಇತ್ತು. ವಿಭೂತಿ ಹಚ್ಚಿ ಒಂದು ಬಿಲ್ವಪತ್ರೆ ಏರಿಸುವವರೆಗೆ ಲಿಂಗ ಅಲ್ಲೇ ಕೂತಿತ್ತು. ಆಮೇಲೆ ಕೈ ಸೋತು, "ಈಗ್ ಕೊಡು" ಎಂದರು.

ಕೊಟ್ಟೆ.