ಸಣ್ಣಮ್ಮನ ಜಾಮೀನು

ಮೊನ್ನೆ ಕ್ಯಾತ್ಸಂದ್ರದ ಲ್ಯಾಬಿನಲ್ಲಿ ಶುಗರ್ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಗೆ ಸ್ಪಿರಿಟ್ ಅದ್ದಿ ಮೊಣಕೈ ಮಡಿಕೆಯಲ್ಲಿ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನೋಡಿ, ನನಗೆ ಕೂತಲ್ಲಿ ಕೂರಲಾಗಲಿಲ್ಲ. "ಅಲ್ಲಾಡ್ಬೇಡಿ ಅಜ್ಜಿ, ನರ ಸಿಗ್ತಿಲ್ಲ" ಎಂದು ಗದರಿದಳು. ಎಷ್ಟೋ ಜನಕ್ಕೆ ನಾನೇ ಹೇಳಿದ ಮಾತು. ನಾನೇ ಹೇಳಿಸಿಕೊಳ್ಳುವ ಕಾಲ ಬಂತಲ್ಲ ಎಂದು ನಗು ಬಂತು; ನಾನೂ ನರ್ಸಾಗಿದ್ದವಳೇ ಎಂದೆ. ರಕ್ತ ತೆಗೆದ ಮೇಲೆ, ಸ್ವಲ್ಪ ಹೊತ್ತು ಕೂತಿರಿ ಎಂದಳು. ಕೂತೆ. ಕೂತದ್ದಷ್ಟೇ, ಮನಸ್ಸು ಎದ್ದು ಎಲ್ಲಿಗೋ ಹೊರಟುಬಿಟ್ಟಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಗುಬ್ಬಿಯಿಂದ ದಿನಾ ರೈಲು ಹತ್ತಿ ತುಮಕೂರಿಗೆ ಬಂದು ಜೈಲಿನ ದವಾಖಾನೆಯಲ್ಲಿ ನರ್ಸ್ ಕೆಲಸ ಮಾಡುತ್ತಿದ್ದೆ. ದೊಡ್ಡ ಓದಿನ ನರ್ಸಲ್ಲ. ಗಾಯ ತೊಳೆಯುವುದು, ಜ್ವರ ನೋಡುವುದು, ಗಾಜಿನ ಸಿರಿಂಜು ಕುದಿಸುವುದು, ಡಾಕ್ಟರು ಹೇಳಿದ ಇಂಜೆಕ್ಷನ್ ಚುಚ್ಚುವುದು. ಜೈಲೆಂದ ತಕ್ಷಣ ನೀವು ಏನೇನೋ ಊಹಿಸಿಕೊಳ್ಳಬೇಡಿ. ಅಲ್ಲಿ ಹೆಚ್ಚಾಗಿ ಇದ್ದದ್ದು ಕಜ್ಜಿ, ಭೇದಿ, ಹಲ್ಲುನೋವು. ಮಚ್ಚಿನ ಕೇಸಿನಲ್ಲಿ ಬಂದ ಆಸಾಮಿ ಸೂಜಿ ಕಂಡು ಕಣ್ಣು ಮುಚ್ಚಿಕೊಂಡು ಅವ್ವನನ್ನು ಕರೆದದ್ದನ್ನು ಕಂಡಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅಮ್ಮಿ ಇಬ್ಬರೇ. ಒಳಗೆ ಉರ್ದು, ಬಾಗಿಲು ದಾಟಿದರೆ ಕನ್ನಡ. ಅಮ್ಮಿಗೆ ಒಂದೇ ಚಿಂತೆ: "ಒಳಗೆ ಬಿಟ್ಟೋರು ಆಚೆ ಬಿಡದೇ ಇದ್ರೆ ಏನ್ ಮಾಡ್ತೀಯೇ?" ನನಗೂ ಆ ಕೆಲಸದಲ್ಲಿ ನೆಮ್ಮದಿ ಇರಲಿಲ್ಲವೆನ್ನಿ. ಹಿಂದಿನ ಗೇಟು ಮುಚ್ಚಿ ಮುಂದಿನದು ತೆರೆಯುವ ತನಕ ನಿಲ್ಲಬೇಕಲ್ಲ, ಆಗ ಅಮ್ಮಿಯ ಮಾತೇ ನೆನಪಾಗುತ್ತಿತ್ತು. ಬಿಟ್ಟುಬಿಡುತ್ತೇನೆ ಎಂದು ದಿನಾ ರೈಲಿನಲ್ಲಿ ನಿರ್ಧರಿಸುತ್ತಿದ್ದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ರೈಲು. ಡಾಕ್ಟರು ಮೊದಲ ದಿನವೇ ಹೇಳಿದ್ದರು: "ಯಾರು ಏನ್ ಮಾಡಿ ಬಂದ್ರು ಅಂತ ಕೇಳ್ಬೇಡಮ್ಮ. ಕೇಳಿದ್ರೆ ಕೈ ನಡುಗುತ್ತೆ." ಆದ್ದರಿಂದ ಸಣ್ಣಮ್ಮನನ್ನೂ ನಾನು ಕೇಳಿರಲಿಲ್ಲ.

ಸಣ್ಣಮ್ಮ ಕುಣಿಗಲ್ ಕಡೆಯ ರೈತರ ಮನೆಯ ವಿಧವೆ. ಬೆಂಕಿ ಇಟ್ಟ ಆರೋಪ ಎಂದಷ್ಟೇ ಕಡತದಲ್ಲಿ ಕಂಡಿದ್ದೆ, ವಿಚಾರಣೆ ಇನ್ನೂ ಆಗಿರಲಿಲ್ಲ. ಹೆಸರಿಗೆ ತಕ್ಕಂತೆ ಎಷ್ಟು ಸಣ್ಣಗಿದ್ದಳೆಂದರೆ, ಇಂಜೆಕ್ಷನ್ ಕೊಡಲು ಮಾಂಸ ಹುಡುಕಬೇಕಾಗಿತ್ತು. ಕೆಮ್ಮಿದರೆ ಸೆರಗಿನಲ್ಲಿ ರಕ್ತ. ಟಿ.ಬಿ. ಎಂದರು ಡಾಕ್ಟರು. ಅವಳನ್ನು ಬೇರೆ ಕೋಣೆಯಲ್ಲಿಟ್ಟು ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಮಾತ್ರೆ, ಜೊತೆಗೆ ರೋಗಿಗಳಿಗೆ ಕೊಡುವ ಹಾಲು, ಮೊಟ್ಟೆ. ಮೊದಮೊದಲು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದವಳು ಬರಬರುತ್ತಾ ನನ್ನ ಹೆಜ್ಜೆ ಸದ್ದು ಕೇಳಿ ಎದ್ದು ಕೂರತೊಡಗಿದಳು. "ಬಂದ್ರಾ ನರ್ಸಮ್ಮ, ಚುಚ್ಬುಡಿ ಅತ್ಲಾಗೆ" ಎಂದು ನಗುತ್ತಿದ್ದಳು. ಕೆನ್ನೆ ತುಂಬಿತು. ನನ್ನ ಕೈಯಿಂದ ಒಬ್ಬರು ಬದುಕುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅವಳ ಅಣ್ಣ ಅಮೃತೂರಿನಿಂದ ಬಂದು ಜಾಮೀನಿಗೆ ಅರ್ಜಿ ಹಾಕಿಸಿದ. ಇಡೀ ಜೈಲೇ ಜಾಮೀನಿಗಾಗಿ ಹರಕೆ ಹೊರುವಾಗ, ಈ ಹೆಂಗಸಿಗೆ ಜಾಮೀನು ಸಿಗದಿರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಹೊರಗೆ ಹೋದರೆ ಇಂಜೆಕ್ಷನ್ ನಿಲ್ಲುತ್ತದೆ. ನಿಂತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ರೈಲಿನಲ್ಲಿ ಸೀಟು ಸಿಕ್ಕರೂ ಕೂರಲಾರದೆ ಬಾಗಿಲ ಬಳಿ ನಿಂತಿರುತ್ತಿದ್ದೆ.

ಜಾಮೀನು ಸಿಕ್ಕೇಬಿಟ್ಟಿತು. ಗೇಟಿನ ಹೊರಗೆ ಕಾದಿದ್ದ ಅಣ್ಣನನ್ನು ಹಿಡಿದು, ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದೆ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. "ನಾಕ್ ದಿನ ಕರ್ಕೊಂಡೋಗ್ತೀನಿ ಕಣಮ್ಮ. ಆಮೇಲೆ ರಾಗಿ ಕುಯ್ಲು ಬತ್ತದೆ. ಮನೇಲಿ ಹಸುಗೂಸು ಬೇರೆ ಐತೆ, ನನ್ನೆಂಡ್ರು ಹೆದರ್ತಾಳೆ" ಎಂದ. ಸಣ್ಣಮ್ಮ ನೆಲ ನೋಡುತ್ತಾ ನಿಂತಿದ್ದಳು. "ಹಂಗಾದ್ರೆ ಗುಬ್ಬೀಲಿ ನಮ್ಮನೆಗೆ ಬರ್ಲಿ" ಎಂದೆ. ಬಾಯಿಂದ ಬಂದ ಮೇಲೆಯೇ ಏನು ಹೇಳಿದೆನೆಂದು ನನಗೆ ತಿಳಿದದ್ದು. ಒಳಗೆ ಹೋಗಿ ತಿಳಿಸಿದಾಗ ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದು ನಿನ್ ಡ್ಯೂಟಿ ಅಲ್ಲಮ್ಮ" ಎಂದರು. ಹಾಗೆಂದವರೇ ಟಿ.ಬಿ. ಆಸ್ಪತ್ರೆಗೆ ಔಷಧಕ್ಕೆ ಚೀಟಿಯನ್ನೂ ಬರೆದುಕೊಟ್ಟರು; ಅವಳ ಕಫದಲ್ಲಿ ಈಗ ರೋಗಾಣುವಿಲ್ಲ, ನಿಮ್ಮಮ್ಮನಿಗೆ ಭಯ ಬೇಡವೆಂದು ಹೇಳು ಎಂದರು.

ಅಮ್ಮಿ ಬಾಗಿಲಲ್ಲಿ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ ಮೊದಲ ಪ್ರಶ್ನೆಯೇ, ನಾನು ಇಷ್ಟು ದಿನ ಕೇಳದೆ ಉಳಿಸಿಕೊಂಡದ್ದು.

"ಏನ್ ಮಾಡಿ ಜೈಲಿಗೆ ಹೋದೆ?"

"ಮೈದುನನ ಕೊಟ್ಟಿಗೆಗೆ ಬೆಂಕಿ ಇಕ್ಕಿದೆ ಕಣ್ ಬೂಬಮ್ಮ."

"ಯಾಕೆ?"

"ಕೆಮ್ಮು ಬಂತಂತ ನನ್ನ ಅಲ್ಲೇ ಹಾಕಿದ್ರು. ನನ್ ಗಂಡನೂ ಅಲ್ಲೇ ಸತ್ತಿದ್ದು. ನಾನೂ ಅಲ್ಲೇ ಸಾಯಾದ್ ಬ್ಯಾಡ ಅನ್ನುಸ್ತು."

ಅಮ್ಮಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಆಮೇಲೆ "ನಮ್ಮನೇಲಿ ಕೊಟ್ಟಿಗೆ ಇಲ್ಲ. ಒಳಗೆ ಬಾ" ಎಂದರು.

ಹಿತ್ತಿಲ ಕೋಣೆಯಲ್ಲಿ ಸಣ್ಣಮ್ಮ ತನ್ನದೇ ಒಲೆ ಹೂಡಿದಳು. "ನಿಮ್ಮನೆ ಒಲೇದು ನಾನು ಉಣ್ಣಾಕಿಲ್ಲ, ಬೇಜಾರ್ ಮಾಡ್ಕಬ್ಯಾಡಿ" ಎಂದಳು. "ಬೇಜಾರ್ ಯಾಕೆ, ನಂಗೆ ಒಬ್ಬರ ಅಡುಗೆ ಉಳೀತು" ಎಂದರು ಅಮ್ಮಿ. ಆದರೆ ನಮ್ಮ ಕೋಳಿಯ ಮೊಟ್ಟೆಯನ್ನು ಮಾತ್ರ ತಿನ್ನುತ್ತಿದ್ದಳು: "ಅದ್ಕೆ ಸಿಪ್ಪೆ ಐತಲ್ಲ, ಏನೂ ತಾಕಲ್ಲ." ರೈಲಿಗೆ ಹೊರಡುವ ಮೊದಲು ನಾನು ಚುಚ್ಚುತ್ತಿದ್ದೆ. ಸಂಜೆ ಬರುವ ಹೊತ್ತಿಗೆ ಹಿತ್ತಿಲಲ್ಲಿ ಇಬ್ಬರೂ ಜಗಳವಾಡುತ್ತಿರುತ್ತಿದ್ದರು: ಹಿಟ್ಟು ನುಣ್ಣಗಾಗಿಲ್ಲ, ನುಗ್ಗೆಗಿಡ ಕಡಿಸಬೇಕು, ಕಡಿಸಬಾರದು. ಆ ಜಗಳ ಕೇಳಿದರೆ ನನ್ನ ಜೀವ ತುಸು ತಣ್ಣಗಾಗುತ್ತಿತ್ತು. ಇಂಜೆಕ್ಷನ್ ಮುಗಿದು ಬರೀ ಮಾತ್ರೆ ಉಳಿದವು. ಅವಳು ಹೊರಡಲಿಲ್ಲ, ಅಮ್ಮಿಯೂ ಹೊರಡೆನ್ನಲಿಲ್ಲ.

ಕೇಸು ಕೋರ್ಟಿಗೆ ಬಂದ ದಿನ ನನಗೆ ರಜೆ ಸಿಗಲಿಲ್ಲ. ಬುರ್ಖಾ ಹಾಕಿಕೊಂಡು ಅಮ್ಮಿಯೇ ಅವಳೊಂದಿಗೆ ತುಮಕೂರಿಗೆ ಹೊರಟರು. ಎಲ್ಲದಕ್ಕೂ ಗೊತ್ತಿಲ್ಲ ಅನ್ನಬೇಕೆಂದು ವಕೀಲರು ಹೇಳಿಕೊಟ್ಟಿದ್ದರು. ಬೆಂಕಿ ಇಟ್ಟದ್ದನ್ನು ಕಂಡವರು ಯಾರೂ ಇರಲಿಲ್ಲ, ಬಿಡುಗಡೆ ಗ್ಯಾರಂಟಿ ಎಂದಿದ್ದರು. ನಾನು ಆ ದಿನ ಕುದಿಸಿದ ಸಿರಿಂಜನ್ನೇ ಮತ್ತೆ ಕುದಿಸಿದೆ. ಒಬ್ಬನ ಎಡಗಾಲ ಗಾಯದ ಪಟ್ಟಿಯನ್ನು ಬಲಗಾಲಿಗೆ ಸುತ್ತಿ ಬೈಸಿಕೊಂಡೆ.

ಸಂಜೆ ಗೇಟಿನಲ್ಲಿ ನಿಂತಿದ್ದವರು ಅಮ್ಮಿ ಒಬ್ಬರೇ. ಸಣ್ಣಮ್ಮನನ್ನು ಆಗಲೇ ಪೊಲೀಸರು ಒಳಗೆ ಕರೆತಂದಿದ್ದರು.

ಆದದ್ದು ಇಷ್ಟು. ಮೈದುನ ಸಾಕ್ಷಿ ಕಟ್ಟೆಯಲ್ಲಿ ನಿಂತು, ಕಟ್ಟಿದ ದನಗಳನ್ನು ಜೀವಂತ ಸುಡಲು ಈ ಹೆಂಗಸು ಬೆಂಕಿ ಇಟ್ಟಳು ಎಂದನಂತೆ. ಅಲ್ಲಿಯತನಕ ವಕೀಲರು ಹೇಳಿದ ಹಾಗೇ ಇದ್ದವಳು ಎದ್ದು ಕೂಗಿದಳಂತೆ: "ಸುಳ್ಳು ಬೊಗಳ್ಬ್ಯಾಡ ಕಣ್ಲಾ! ದನ ಸುಡೋಳಾ ನಾನು? ಎಲ್ಡನ್ನೂ ಬಿಚ್ಚಿ ಹುಣಸೆಮರಕ್ಕೆ ಕಟ್ಟಿ ಬಂದ್ಮೇಲೇ ಕಡ್ಡಿ ಗೀರಿದ್ದು!"

ವಕೀಲರು ತಲೆಯ ಮೇಲೆ ಕೈ ಇಟ್ಟುಕೊಂಡರು. ಜಡ್ಜು ತಿರುಗಿಸಿ ಮುರುಗಿಸಿ ಕೇಳಿದರೂ ಅವಳದು ಅದೇ ಉತ್ತರ. ಶಿಕ್ಷೆಯಾಯಿತು; ಆದರೆ ಕಾಯಿಲೆ, ಕೊಟ್ಟಿಗೆಯ ಕಥೆ ಎಲ್ಲ ಕೇಳಿ ಕಡಿಮೆಯೇ ಕೊಟ್ಟರು. "ಸುಮ್ನಿದ್ದಿದ್ರೆ ಮನೆಗೆ ಬರ್ತಿದ್ಲು. ಪೆದ್ದಿ, ಪೆದ್ದಿ" ಎನ್ನುತ್ತಾ ಅಮ್ಮಿ ಬುರ್ಖಾದ ಅಂಚಿನಲ್ಲಿ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಹೊಸ ಕೈದಿಗಳ ತಪಾಸಣೆಯಲ್ಲಿ ಸಣ್ಣಮ್ಮ ತೂಕದ ಯಂತ್ರದ ಮೇಲೆ ನಿಂತಳು. ಮುಳ್ಳು ಸರಕ್ಕನೆ ಮುಂದಕ್ಕೆ ಹೋಯಿತು. "ಬೂಬಮ್ಮ ಬೈದ್ರಾ?" ಎಂದು ಮೆಲ್ಲಗೆ ಕೇಳಿದಳು. "ಬೈದ್ರು" ಎಂದೆ. "ಬೈಲಿ ಬುಡಿ" ಎಂದು ನಕ್ಕಳು. ಉಳಿದ ಮಾತ್ರೆಗಳನ್ನು ನನ್ನ ಕೈಯಿಂದಲೇ ನುಂಗಿ ಮುಗಿಸಿದಳು.

ಬಿಡುಗಡೆಯಾದ ಮೇಲೆ ಅಮೃತೂರಿನಲ್ಲಿ ಅಣ್ಣನ ತೆಂಗಿನ ತೋಟದ ಅಂಚಿಗೆ ಗುಡಿಸಲು ಹಾಕಿಕೊಂಡು ಎಮ್ಮೆ ಸಾಕಿದಳು. ಅಮ್ಮಿ ಇರುವವರೆಗೂ ಆಗಾಗ ತುಪ್ಪ ಹಿಡಿದು ಗುಬ್ಬಿಗೆ ಬರುತ್ತಿದ್ದಳು, ಜಗಳವಾಡಿ ಹೋಗುತ್ತಿದ್ದಳು. ಅಮ್ಮಿಯನ್ನು ಮಣ್ಣು ಮಾಡಿದ ದಿನವೂ ಬಂದಳು. ಹಿತ್ತಿಲಲ್ಲಿ ಒಬ್ಬಳೇ ಕೂತಿದ್ದವಳು, ಹೊರಡುವಾಗ ಮೊದಲ ಸಲ ನಮ್ಮ ಮನೆಯ ನೀರು ಕೇಳಿ ಕುಡಿದಳು. ಈಗ ಅವಳೂ ಇಲ್ಲ. ಹೋದದ್ದು ವಯಸ್ಸಾಗಿ, ಕೆಮ್ಮಿನಿಂದಲ್ಲ.

"ಅಜ್ಜಿ, ರಿಪೋರ್ಟ್ ಸಂಜೆ ಬರುತ್ತೆ" ಎಂದು ಲ್ಯಾಬಿನ ಹುಡುಗಿ ಎದುರಿಗೆ ಬಂದು ನಿಂತಳು. "ನರ್ಸ್ ಆಗಿದ್ದೆ ಅಂದ್ರಲ್ಲ, ಯಾವ ಆಸ್ಪತ್ರೇಲಿ?"

ಯಾರು ಕೇಳಿದರೂ ಸರ್ಕಾರಿ ಆಸ್ಪತ್ರೆ ಎಂದು ಹೇಳಿ ಮಾತು ಮುಗಿಸುವುದು ನನ್ನ ಹಳೆಯ ಅಭ್ಯಾಸ. ಅವತ್ತು ಯಾಕೋ ಹಾಗೆ ಹೇಳಲು ಮನಸ್ಸಾಗಲಿಲ್ಲ.

"ಜೈಲಲ್ಲಿ" ಎಂದೆ.

"ಅಯ್ಯೋ! ಭಯ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಅವ್ರನ್ನ ಆಚೆ ಬಿಡ್ತಾರೆ ಅಂದಾಗ."

ಅರ್ಥವಾಗದೆ ನನ್ನ ಮುಖ ನೋಡಿದಳು. ಬೇರೆ ಯಾರೂ ಕಾಯುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, "ಯಾಕಜ್ಜಿ?" ಎಂದಳು. ನಾನೂ ಕಾಲು ಚಾಚಿ ಸರಿಯಾಗಿ ಕೂತೆ.